ಡುಕಾಟಿಗೆ ಒಗ್ಗದ ಡುಕಾಟಿ

ಇಟಲಿಯ ಬೈಕು ಕಂಪನಿ ಡುಕಾಟಿ ಎಂದರೆ ಇಂಗ್ಲಿಷಿನ ಎಲ್ (L) ಅಕ್ಷರದಂತೆ 90 ಡಿಗ್ರಿ ಕೋನದಲ್ಲಿ ಚಾಚಿಕೊಂಡ ಎರಡು ಸಿಲಿಂಡರ್ ಎಂದು ನಂಬಿಕೊಂಡವರಿಗೆ ಅದೇ ಕಂಪನಿಯ 500 ಜಿಟಿಎಲ್ ಬೈಕಿನ ಚಿತ್ರ ತೋರಿಸಿದರೆ ಸುಲಭಕ್ಕೆ ಒಪ್ಪುವುದಿಲ್ಲ. ಅದರಲ್ಲಿ ಎರಡು ಸಿಲಿಂಡರ್‌ಗಳು ಜಪಾನಿನ ಬೈಕುಗಳಲ್ಲಿರುವಂತೆ ಒಂದರ ಪಕ್ಕ ಒಂದು ನಿಂತಿವೆ. ಟ್ಯಾಂಕಿನ ಮೇಲಿನ ಹೆಸರನ್ನು ಮುಚ್ಚಿಬಿಟ್ಟರೆ ಅದು ಬೊಲೊನ್ಯಾದ ಬೋರ್ಗೊ ಪಾನಿಗಾಲೆಯಲ್ಲಿ ತಯಾರಾದ ಗಾಡಿ ಎಂದು ಗುರುತಿಸುವುದು ನನ್ನಿಂದಂತೂ ಆಗದು.

1972ರಲ್ಲಿ ಇಮೋಲಾದ 200 ಮೈಲಿ ಪಂದ್ಯದಲ್ಲಿ ಪಾಲ್ ಸ್ಮಾರ್ಟ್ ಮತ್ತು ಬ್ರೂನೊ ಸ್ಪಜ್ಜಾರಿ ಮೊದಲ ಎರಡು ಸ್ಥಾನ ಗೆದ್ದದ್ದು ಡುಕಾಟಿಯ ಎಂಜಿನಿಯರ್ ಫಾಬಿಯೊ ಟಾಲ್ಯೋನಿ ರೂಪಿಸಿದ 750 ಸಿಸಿಯ ಎಲ್ ಎಂಜಿನ್ನಿನ ಬಲದಿಂದ. ಆದರೆ ಆ ಎಂಜಿನ್ನಿನಲ್ಲಿ ವಾಲ್ವ್‌ಗಳನ್ನು ನಡೆಸುವ ಕ್ಯಾಮ್‌ಶಾಫ್ಟ್ ತಿರುಗಿಸುವ, ಶಂಕುವಿನಾಕಾರದ ಬೆವೆಲ್ ಗಿಯರುಗಳನ್ನು ಕೈಯಲ್ಲೇ ಒಂದಕ್ಕೊಂದು ಹೊಂದಿಸಬೇಕಾಗಿದ್ದರಿಂದ ಅದು ತಯಾರಿಕೆಗೆ ದುಬಾರಿಯಾಗಿತ್ತು. ಆಗ ಸರ್ಕಾರದ ಹಿಡಿತದಲ್ಲಿದ್ದ ಕಂಪನಿಯ ಆಡಳಿತಕ್ಕೆ ಬೇಕಾಗಿದ್ದುದು ಅಗ್ಗವಾಗಿ ತಯಾರಾಗುವ ಮಧ್ಯಮ ಗಾತ್ರದ ಗಾಡಿ. ಟಾಲ್ಯೋನಿ ಇದರ ಗೊಡವೆಗೇ ಹೋಗಲಿಲ್ಲ. ಕೆಲಸ ಬೇರೆಯವರ ಪಾಲಾಯಿತು. 1970ರ ದಶಕದ ಮಧ್ಯದಲ್ಲಿ, ಚೈನಿನಿಂದ ಕ್ಯಾಮ್‌ಶಾಫ್ಟ್ ತಿರುಗುವ 497 ಸಿಸಿಯ ಜಿಟಿಎಲ್ ತನ್ನ 350 ಸಿಸಿಯ ತಮ್ಮನೊಂದಿಗೆ ಹೊರಬಂತು. ಮೈಕಟ್ಟು ಕಾರು ವಿನ್ಯಾಸಕ ಜುಜಾರೊ ಬರೆದ, ಡುಕಾಟಿಯದೇ ಆದ 860 ಜಿಟಿಯ ಚೂಪು ಗೆರೆಗಳನ್ನೇ ಅನುಸರಿಸಿತ್ತು. ಆ ಗೆರೆಗಳು ದೊಡ್ಡ ಎಂಜಿನ್ನಿನ ಮೇಲೆಯೇ ಅಷ್ಟಕ್ಕಷ್ಟೇ ಒಪ್ಪುತ್ತಿದ್ದವು ಎಂಬುದು ನನ್ನ ಅಭಿಪ್ರಾಯ.

ಪಕ್ಕಪಕ್ಕದ ಸಿಲಿಂಡರ್‌ಗಳ ಪರಿಚಯ ನಮ್ಮ ಮೈಸೂರಿನವರಿಗೆ ಐಡಿಯಲ್ ಜಾವಾದ 350 ಟ್ವಿನ್‌ನಿಂದ ಆಗಿಯೇ ಇದೆ. ಪಿಸ್ಟನ್‌ಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ಜಿಟಿಎಲ್‌ನ ಕ್ರ್ಯಾಂಕ್ ಕೂಡ ಅದರಂತೆಯೇ 180 ಡಿಗ್ರಿಯದು. ಎರಡು ಕಾಫಿ ಲೋಟಗಳನ್ನು ಪಕ್ಕಪಕ್ಕ ಹಿಡಿದು, ಒಂದನ್ನು ಎತ್ತುವಾಗ ಇನ್ನೊಂದನ್ನು ಇಳಿಸುತ್ತ ಹೋದರೆ ಪಿಸ್ಟನ್‌ಗಳ ಚಲನೆ ಅರ್ಥವಾಗುತ್ತದೆ. ಮೇಲಿನ ಎಳೆತವನ್ನು ಕೆಳಗಿನ ಎಳೆತ ಸರಿದೂಗಿಸಿದರೂ ಎರಡೂ ಒಂದೇ ಗೆರೆಯಲ್ಲಿ ಇಲ್ಲದ ಕಾರಣ ಇಡೀ ಎಂಜಿನ್ ಎಡಬಲಕ್ಕೆ ತೊನೆಯಲು ನೋಡುತ್ತದೆ. ಟೂ ಸ್ಟ್ರೋಕ್ ಆದ ಜಾವಾದಲ್ಲಿ ಪ್ರತಿ ಅರ್ಧ ಸುತ್ತಿಗೊಮ್ಮೆ ಸ್ಫೋಟವಾಗುವುದರಿಂದ ಸದ್ದು ಒಂದೇ ಸಮನಾಗಿರುತ್ತದೆ. ಫೋರ್ ಸ್ಟ್ರೋಕ್ ಆದ ಜಿಟಿಎಲ್‌ನಲ್ಲಿ ಹಾಗಲ್ಲ: ಎರಡು ಸ್ಫೋಟಗಳು ಬೆನ್ನುಬೆನ್ನಿಗೆ ಆಗಿ, ಆಮೇಲೆ ಒಂದೂವರೆ ಸುತ್ತು ಮೌನ. ಎಲ್ ಎಂಜಿನ್ನಿನ ನಯವಾದ ಓಟಕ್ಕೆ ಒಗ್ಗಿದವರಿಗೆ ಈ ಗಾಡಿ ರುಚಿಸಬೇಕಾದರೂ ಹೇಗೆ?

1977ರ ಹೊತ್ತಿಗೆ ಜಿಟಿಎಲ್‌ನ ಕಾಲ ಮುಗಿಯಿತು. ಅದೇ ಎಂಜಿನ್ನಿಗೆ ಸ್ಪ್ರಿಂಗ್ ಇಲ್ಲದೆ ವಾಲ್ವ್ ಮುಚ್ಚುವ ಡೆಸ್ಮೊ ವ್ಯವಸ್ಥೆ ಕೂಡಿಸಿ, ವಿನ್ಯಾಸಕ ಲಿಯೊಪೋಲ್ಡೊ ತಾರ್ತಾರಿನಿ ಕೈಯಲ್ಲಿ ಅಂದದ ರೂಪ ಕೊಡಿಸಿದ ಸ್ಪೋರ್ಟ್ ಡೆಸ್ಮೊ ಇನ್ನೂ ಕೆಲವು ಕಾಲ ನಡೆಯಿತು. ನೋಡುವುದಕ್ಕೆ ಅದು ನಿಜಕ್ಕೂ ಚೆಲುವಾದ ಗಾಡಿ.

ಅಗ್ಗದ 500 ಸಿಸಿ ಬೇಕೆಂಬ ಆಡಳಿತದ ಲೆಕ್ಕ ತಪ್ಪೇನೂ ಆಗಿರಲಿಲ್ಲ. ಅದನ್ನು ಸರಿಯಾಗಿ ಬಿಡಿಸಿದವರು ಮಾತ್ರ ಜಿಟಿಎಲ್ ಬೇಡವೆಂದಿದ್ದ ಟಾಲ್ಯೋನಿಯವರೇ. 1979ರಲ್ಲಿ ಬಂದ ಅವರ 500 ಪಂತಾದಲ್ಲಿ ಬೆವೆಲ್ ಗಿಯರಿನ ಜಾಗಕ್ಕೆ ಹಲ್ಲುಗಳುಳ್ಳ ರಬ್ಬರ್ ಬೆಲ್ಟ್ ಬಂದು ಖರ್ಚು ಇಳಿಯಿತು, ಎಲ್ ಮಾತ್ರ ಎಲ್ ಆಗಿಯೇ ಉಳಿಯಿತು. ಇಂದಿನ ಸ್ಕ್ರ್ಯಾಂಬ್ಲರ್‌ನ 803 ಸಿಸಿ ಎಂಜಿನ್ನಿನ ಮೂಲ ಹುಡುಕುತ್ತ ಹಿಂದೆ ಹೋದರೆ ಸಿಗುವುದು ಆ ಪಂತಾ.