ಒಂದೇ ಸಲ ಕಳಿಸಿದ ಮೆಸೇಜು ಒಂದೇ ಸಲಕ್ಕೆ ಏಕೆ ಬರುವುದಿಲ್ಲ?

ಭಾನುವಾರ ಬೆಳಿಗ್ಗೆ ಕೋಲಾರದ ನಮ್ಮ ಮನೆಯ ಮಹಡಿ ಕೋಣೆಗೆ ಏಳೆಂಟು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಂದು ಕೂರುತ್ತಾರೆ. ಸರ್ವರ್ ಪ್ರೋಗ್ರಾಂ ಬರೆಯಲು ಹೊರಟವರು ಮೂರನೆಯ ಅಥವಾ ನಾಲ್ಕನೆಯ ವಾರಕ್ಕೆ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಸಾರ್, ಥ್ರೆಡ್ ಇಟ್ಟು ಬರೆದಾಗ ಎಲ್ಲಾ ಸರಿಯಾಗಿತ್ತು. ಅಸಿಂಕ್ ಮಾಡಿದ ಮೇಲೆ ಮೆಸೇಜು ಅರ್ಧಂಬರ್ಧ ಬರ್ತಿದೆ. ಪೂರ್ತಿ ಮೆಸೇಜು ಬರೋ ಹಾಗೆ ಮಾಡೋದು ಹೇಗೆ?” ಇದೇ ಪ್ರಶ್ನೆ ಫೋನಿನಲ್ಲೂ ಆಗಾಗ ಬರುವುದರಿಂದ ನನ್ನ ಉತ್ತರವನ್ನು ಒಮ್ಮೆ ಬರೆದಿಡುತ್ತಿದ್ದೇನೆ. ಥ್ರೆಡ್ ಎಂದರೆ ಪ್ರೋಗ್ರಾಮಿನೊಳಗೆ ತನ್ನಷ್ಟಕ್ಕೆ ನಡೆಯುವ ಕೆಲಸದ ಒಂದು ಎಳೆ; ಅಸಿಂಕ್ ಎಂದರೆ ಯಾವುದಕ್ಕೂ ನಿಂತು ಕಾಯದೆ ಒಂದೇ ಎಳೆ ಹಲವು ಸಂಪರ್ಕಗಳನ್ನು ನೋಡಿಕೊಳ್ಳುವ ರೀತಿ.

ಥ್ರೆಡ್ ಇಟ್ಟು ಬರೆದಾಗಲೂ ಆ ಪ್ರೋಗ್ರಾಂ ಸರಿಯಿರಲಿಲ್ಲ, ತಪ್ಪು ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ. ನೆಟ್‌ವರ್ಕಿನಲ್ಲಿ ಬೈಟುಗಳನ್ನು ಸಾಗಿಸುವ ನಿಯಮಾವಳಿಯಾದ ಟಿಸಿಪಿಗೆ ಮೆಸೇಜು ಎಂಬುದೇ ಗೊತ್ತಿಲ್ಲ. ಆ ನಿಯಮಗಳನ್ನು ಬರೆದಿಟ್ಟ ಕಡತವಾದ 1981ರ ಆರ್‌ಎಫ್‌ಸಿ 793ರಲ್ಲಾಗಲಿ, 2022ರಲ್ಲಿ ಅದರ ಜಾಗಕ್ಕೆ ಬಂದ 9293ರಲ್ಲಾಗಲಿ ಟಿಸಿಪಿ ಕೊಡುವ ಭರವಸೆ ಒಂದೇ: ಈ ಕಡೆ ಹಾಕಿದ ಬೈಟುಗಳು ಅದೇ ಕ್ರಮದಲ್ಲಿ ಆ ಕಡೆ ಬರುತ್ತವೆ. ಕಳಿಸುವವನು ಎಷ್ಟು ಸಲ ಸೆಂಡ್ ಕರೆದ, ಒಂದೊಂದು ಸಲಕ್ಕೆ ಎಷ್ಟೆಷ್ಟು ಕೊಟ್ಟ ಎಂಬ ಲೆಕ್ಕ ದಾರಿಯಲ್ಲಿ ಉಳಿಯುವುದಿಲ್ಲ.

ನಮ್ಮ ಜಿಲ್ಲೆಯ ಹುಡುಗರಿಗೆ ಇದನ್ನು ಹೇಳುವುದು ಸುಲಭ, ಏಕೆಂದರೆ ಅವರಲ್ಲಿ ಬಹಳ ಮಂದಿ ಬೆಳಿಗ್ಗೆ ಡೈರಿಗೆ ಹಾಲು ಹಾಕಿಯೇ ಕಾಲೇಜಿಗೆ ಹೋಗುವವರು. ಡೈರಿಯಲ್ಲಿ ಪ್ರತಿಯೊಬ್ಬರ ಹಾಲನ್ನು ಮೊದಲು ತೂಗಿ, ಸ್ಯಾಂಪಲ್ ತೆಗೆದು ಫ್ಯಾಟ್ ನೋಡಿ, ಬರೆದುಕೊಂಡ ಮೇಲೆಯೇ ಕ್ಯಾನಿಗೆ ಸುರಿಯುತ್ತಾರೆ. ಸುರಿದ ಮೇಲೆ ಯಾರದು ಎಲ್ಲಿಗೆ ಮುಗಿಯಿತು ಎಂದು ಕ್ಯಾನನ್ನು ನೋಡಿ ಹೇಳಲು ಯಾರಿಂದಲೂ ಆಗದು. ಟಿಸಿಪಿ ಆ ಕ್ಯಾನು. ಅಳತೆಯನ್ನು ಸುರಿಯುವ ಮುಂಚೆಯೇ ಬರೆದುಕೊಳ್ಳಬೇಕು.

ಡೈರಿಯ ಮಾತು ಸುಮ್ಮನೆ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ಹಾಲು ಸಂಗ್ರಹಣಾ ಕೇಂದ್ರಗಳ ಯಂತ್ರಗಳಿಂದ ಬರುವ ಲೆಕ್ಕವನ್ನು ಸ್ವೀಕರಿಸುವ ಸರ್ವರನ್ನು ನಾನೇ ಬರೆದು, ನಾನೇ ಕೆಡಿಸಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ವಾರ ಪರೀಕ್ಷಿಸಿದಾಗ ಒಂದೇ ಒಂದು ತಪ್ಪು ಕಾಣಲಿಲ್ಲ. ಹಳ್ಳಿಯಲ್ಲಿ ಸಿಮ್ ಕಾರ್ಡಿನ ಮೂಲಕ ಕೆಲಸ ಶುರುವಾದ ಎರಡನೆಯ ದಿನವೇ ಒಂದು ಸಂಘದ ಕಾರ್ಯದರ್ಶಿ ಫೋನ್ ಮಾಡಿ, “ಸ್ವಾಮಿ, ನಾನೂರ ಹದಿನೇಳನೇ ನಂಬರಿನಮ್ಮ ಬಂದು ನಮ್ಮ ಬೆಳಗಿನ ಹಾಲು ಎಲ್ಲೋಯ್ತು ಅಂತ ಕೇಳ್ತಾವ್ರೆ, ಏನು ಹೇಳಲಿ?” ಎಂದರು. ಯಂತ್ರ ಕಳಿಸಿತ್ತು, ನೆಟ್‌ವರ್ಕ್ ತಲುಪಿಸಿತ್ತು, ಕಳೆದುಹಾಕಿದ್ದು ನನ್ನ ಪ್ರೋಗ್ರಾಂ.

ಆ ಬೆಳಿಗ್ಗೆ ಆದದ್ದನ್ನು ಬೈಟು ಬೈಟಾಗಿ ಬಿಡಿಸಿದರೆ ಹೀಗಿದೆ. ಒಂದು ದಾಖಲೆಯೆಂದರೆ ಸದಸ್ಯರ ನಂಬರು, ಲೀಟರು, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ), “416,8.0,4.0,8.5” ಎಂಬಂತೆ ಸರಿಯಾಗಿ 15 ಬೈಟು. ಅದರ ಮುಂದೆ ಅದರ ಉದ್ದವನ್ನು ಹೇಳುವ 4 ಬೈಟು: 0, 0, 0, 15. ಒಟ್ಟು 19. ಹಿಂದೆಯೇ ನಾನೂರ ಹದಿನೇಳನೆಯವರ “417,6.5,4.2,8.6” ಇನ್ನೊಂದು 19. ಒಟ್ಟು 38 ಬೈಟುಗಳು ಹೊರಟವು. ನನ್ನ ಮೊದಲ ರಿಸೀವ್‌ಗೆ, ಅಂದರೆ ಬಂದದ್ದನ್ನು ಓದುವ ಕರೆಗೆ, 21 ಬೈಟು ಸಿಕ್ಕವು, ಎರಡನೆಯದಕ್ಕೆ 17. ಮೊದಲ ಸಲದ 21ರಲ್ಲಿ ಒಂದು ದಾಖಲೆಯನ್ನು ತೆಗೆದುಕೊಂಡ ನನ್ನ ಪ್ರೋಗ್ರಾಂ ಉಳಿದ ಎರಡು ಬೈಟುಗಳನ್ನು, ಅಂದರೆ ಮುಂದಿನ ಉದ್ದದ ಮೊದಲೆರಡು ಸೊನ್ನೆಗಳನ್ನು, ಕಸವೆಂದು ಬಿಸಾಡಿತು. ಎರಡನೆಯ ಸಲ ಹೊಸದಾಗಿ ಓದತೊಡಗಿದಾಗ ಉದ್ದದ ಜಾಗದಲ್ಲಿ ಅದಕ್ಕೆ ಕಂಡದ್ದು 0, 15, ಆಮೇಲೆ ನಾಲ್ಕು ಮತ್ತು ಒಂದು ಎಂಬ ಅಕ್ಷರಗಳ ಸಂಕೇತಗಳಾದ 52 ಮತ್ತು 49. ಈ ನಾಲ್ಕನ್ನೂ ಕೂಡಿಸಿ ಓದಿದರೆ ಬರುವ ಸಂಖ್ಯೆ 996401. ಸುಮಾರು ಹತ್ತು ಲಕ್ಷ ಬೈಟಿನ ದಾಖಲೆ ಬರಲಿದೆ ಎಂದು ನಂಬಿದ ಸರ್ವರು, ಆ ಕೇಂದ್ರದಿಂದ ಆಮೇಲೆ ಬಂದ ಎಲ್ಲರ ಹಾಲನ್ನೂ ಅದೇ ದಾಖಲೆಯ ಭಾಗವೆಂದು ತುಂಬಿಕೊಳ್ಳುತ್ತಾ ಕೂತಿತ್ತು. ಎರರ್ ಇಲ್ಲ, ಕ್ರ್ಯಾಶ್ ಇಲ್ಲ, ಲಾಗಿನಲ್ಲಿ ಒಂದು ಸಾಲಿಲ್ಲ.

ಇದಕ್ಕಿಂತ ಕೆಟ್ಟದ್ದೂ ಆಗಬಹುದಿತ್ತು. ಸಿಗ್ನಲ್ ಹೋಗಿ ದಾಖಲೆಗಳು ಗುಂಪಾಗಿ ಬಂದವು ಎನ್ನೋಣ, ಬಂದದ್ದನ್ನು ಹಿಡಿದಿಡುವ ನಮ್ಮ ಬಫರು 1024 ಬೈಟಿನದು ಎನ್ನೋಣ. ಅದರಲ್ಲಿ 53 ದಾಖಲೆಗಳು ಪೂರ್ತಿಯಾಗಿ ಹಿಡಿಸಿ, 54ನೆಯದರ 17 ಬೈಟು ಮಾತ್ರ ಸಿಗುತ್ತದೆ. ಉದ್ದದ 4 ಕಳೆದರೆ ಉಳಿದದ್ದು 13. ಅಂದರೆ ಕೊನೆಯ 8.6ರಲ್ಲಿ 8 ಬಂದಿದೆ, ಚುಕ್ಕಿ ಮತ್ತು 6 ಬಂದಿಲ್ಲ. ಬಂದಷ್ಟನ್ನೇ ದಾಖಲೆ ಎಂದುಕೊಳ್ಳುವ ಪ್ರೋಗ್ರಾಂ ಎಸ್‌ಎನ್‌ಎಫ್ 8 ಎಂದು ಬರೆದುಕೊಳ್ಳುತ್ತದೆ. 8 ಎಂಬುದು ಒಪ್ಪುವಂತಹ ಸಂಖ್ಯೆಯೇ ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ, ಹಾಲಿನ ದುಡ್ಡು ಮಾತ್ರ ಕಡಿಮೆಯಾಗುತ್ತದೆ.

ಆದ್ದರಿಂದ ನನ್ನ ಉತ್ತರ ಹೀಗಿದೆ. ಪ್ರತಿ ಸಂಪರ್ಕಕ್ಕೂ ಅದರದೇ ಆದ ಒಂದು ಬಫರು ಇರಲಿ. ರಿಸೀವ್‌ನಿಂದ ಎಷ್ಟು ಬಂದರೂ ಆ ಬಫರಿನ ಕೊನೆಗೆ ಸೇರಿಸಬೇಕು. ಸೇರಿಸಿದ ಮೇಲೆ, ನಾಲ್ಕು ಬೈಟು ಆಗಿವೆಯೇ, ಆಗಿದ್ದರೆ ಅವು ಹೇಳುವಷ್ಟು ಉದ್ದ ಬಂದಿದೆಯೇ ಎಂದು ನೋಡಿ, ಬಂದಿದ್ದರೆ ಒಂದು ಮೆಸೇಜನ್ನು ಮುಂದಿನಿಂದ ಕತ್ತರಿಸಿ ತೆಗೆದು, ಮತ್ತೆ ಅದೇ ಪ್ರಶ್ನೆಗಳನ್ನು ಕೇಳುತ್ತಾ ಹೋಗಬೇಕು. ಉತ್ತರ ಇಲ್ಲವೆಂದಾದಾಗ ಉಳಿದದ್ದನ್ನು ಮುಟ್ಟದೆ ಹಾಗೆಯೇ ಬಿಟ್ಟು ಹೊರಬರಬೇಕು. ಇಲ್ಲಿ ‘ಇದ್ದರೆ’ ಎಂದು ಒಂದೇ ಸಲ ನೋಡಿ ಬಿಡುವುದು ವಿದ್ಯಾರ್ಥಿಗಳು ಅತಿ ಹೆಚ್ಚು ಮಾಡುವ ತಪ್ಪು. ಒಂದು ರಿಸೀವ್‌ನಲ್ಲಿ ಮೂರು ಮೆಸೇಜು ಬಂದಿದ್ದರೆ ಉಳಿದೆರಡು ಮುಂದಿನ ಬೈಟು ಬರುವ ತನಕ ಬಫರಿನಲ್ಲೇ ಬಿದ್ದಿರುತ್ತವೆ. ಉದ್ದಕ್ಕೆ ಒಂದು ಗರಿಷ್ಠ ಮಿತಿಯೂ ಬೇಕು. 15 ಬೈಟಿನ ದಾಖಲೆಗೆ 996401 ಎಂಬ ಉದ್ದ ಬಂದರೆ ಆ ಸಂಪರ್ಕವನ್ನು ಅಲ್ಲಿಯೇ ಮುಚ್ಚುವುದು ಕ್ಷೇಮ. ಮಿತಿಯಿದ್ದಿದ್ದರೆ ಕಾರ್ಯದರ್ಶಿಯ ಫೋನಿಗಿಂತ ಮುಂಚೆ ನನಗೇ ಗೊತ್ತಾಗುತ್ತಿತ್ತು.

ಹಾಗಾದರೆ ಅಸಿಂಕ್‌ನಿಂದ ಏನು ಬದಲಾಯಿತು? ಸಂಪರ್ಕಕ್ಕೊಂದು ಥ್ರೆಡ್ ಇದ್ದಾಗ, ನಾಲ್ಕು ಬೈಟು ಬರುವ ತನಕ ಥ್ರೆಡ್ಡು ಅಲ್ಲೇ ನಿಂತು ಕಾಯಬಹುದು; ಎಲ್ಲಿಯ ತನಕ ಓದಿದ್ದೇವೆ ಎಂಬ ನೆನಪನ್ನು ಅದರ ಸ್ಟ್ಯಾಕ್, ಅಂದರೆ ಥ್ರೆಡ್ಡಿನ ಸ್ವಂತ ಮೆಮೊರಿ, ಇಟ್ಟುಕೊಳ್ಳುತ್ತದೆ. ಒಂದೇ ಥ್ರೆಡ್ಡು ಸಾವಿರಾರು ಸಂಪರ್ಕಗಳನ್ನು ನೋಡಿಕೊಳ್ಳುವಾಗ ಯಾರಿಗಾಗಿಯೂ ನಿಲ್ಲುವ ಹಾಗಿಲ್ಲ, ಹಾಗಾಗಿ ಆ ನೆನಪನ್ನು ನಾವೇ ಸಂಪರ್ಕದ ಜೊತೆಗೆ ಕಟ್ಟಿಡಬೇಕು. ಯಾವ ಸಾಕೆಟ್ಟಿನಲ್ಲಿ, ಅಂದರೆ ಸಂಪರ್ಕದ ನಮ್ಮ ಕಡೆಯ ತುದಿಯಲ್ಲಿ, ಓದಲು ಏನಿದೆ ಎಂದು ತಿಳಿಸುವ ಲಿನಕ್ಸ್‌ನ ಇಪೋಲ್ “ಈ ಸಾಕೆಟ್ಟಿನಲ್ಲಿ ಓದಬಹುದು” ಎಂದು ಹೇಳಿದರೆ ಅದರ ಅರ್ಥ ಏನಾದರೂ ಬಂದಿದೆ ಎಂದಷ್ಟೆ. ಒಂದೇ ಬೈಟಿರಬಹುದು. ರಿಸೀವ್ ಸೊನ್ನೆ ಕೊಟ್ಟರೆ ಆ ಕಡೆಯವರು ಇನ್ನು ಕಳಿಸುವುದಿಲ್ಲ ಎಂದರ್ಥ. ಇಎಗೇನ್ ಎಂಬ ಸಂಕೇತ ಕೊಟ್ಟರೆ ಅದು ದೋಷವಲ್ಲ, ಸದ್ಯಕ್ಕೆ ಬಂದದ್ದು ಮುಗಿಯಿತು, ಆಮೇಲೆ ಬಾ ಎಂದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಹೇಳುತ್ತಿದೆ. ಹೊಸದು ಬಂದಾಗ ಮಾತ್ರ ತಿಳಿಸುವ ಎಡ್ಜ್ ಟ್ರಿಗರ್ ವಿಧಾನವನ್ನು ಆರಿಸಿಕೊಂಡವರು ಇಎಗೇನ್ ಬರುವ ತನಕ ಓದಲೇಬೇಕು. ನಡುವೆ ಬಿಟ್ಟರೆ, ಬಫರಿನಲ್ಲಿ ಬೈಟುಗಳಿದ್ದರೂ ಹೊಸದು ಬರುವ ತನಕ ಕರ್ನಲ್ ಮತ್ತೆ ಕರೆಯುವುದಿಲ್ಲ. ಹೊಸಬರಿಗೆ ನಾನು, ಓದದೆ ಉಳಿದದ್ದು ಇರುವ ತನಕ ತಿಳಿಸುತ್ತಲೇ ಇರುವ ಲೆವೆಲ್ ಟ್ರಿಗರನ್ನೇ ಹೇಳುತ್ತೇನೆ.

ಅಸಿಂಕ್-ಅವೇಟ್ ಇರುವ ಭಾಷೆಗಳಲ್ಲಿ ಈ ನೆನಪಿನ ಕೆಲಸವನ್ನು ಕಂಪೈಲರ್ ವಹಿಸಿಕೊಳ್ಳುತ್ತದೆ, ಪ್ರೋಗ್ರಾಂ ಮತ್ತೆ ಥ್ರೆಡ್ಡಿನ ಹಾಗೆ ನೇರವಾಗಿ ಕಾಣುತ್ತದೆ. ಆದರೆ ಒಂದು ಹೊಂಡವಿದೆ. ರಸ್ಟ್ ಭಾಷೆಯ ಅಸಿಂಕ್ ಲೈಬ್ರರಿಯಾದ ಟೋಕಿಯೋದಲ್ಲಿ ‘ಇಷ್ಟೇ ಬೈಟು ಓದು’ ಎಂಬ ಕರೆಗೆ ಟೈಮ್‌ಔಟ್ ಹಾಕಿ, ಸಮಯ ಮೀರಿತೆಂದು ಅದನ್ನು ಅರ್ಧಕ್ಕೆ ಕೈಬಿಟ್ಟರೆ, ಅಷ್ಟರಲ್ಲಿ ಸಾಕೆಟ್ಟಿನಿಂದ ಹೊರಬಂದ ಬೈಟುಗಳೆಷ್ಟು ಎಂಬ ಲೆಕ್ಕ ಅದರ ಜೊತೆಗೇ ಹೋಗುತ್ತದೆ. ಮುಂದಿನ ಓದು ನಡುವಿನಿಂದ ಶುರುವಾಗಿ, ಅದೇ 996401ರ ಕಥೆ. ಅಲ್ಲಿಯೂ ಬಫರನ್ನು ಸಂಪರ್ಕದ ಜೊತೆಗಿಟ್ಟು, ಬಂದಷ್ಟನ್ನು ಸೇರಿಸುವುದೇ ಮದ್ದು.

2019ರಲ್ಲಿ ಲಿನಕ್ಸ್ 5.1ರೊಡನೆ ಬಂದ ಐಒ ಯೂರಿಂಗ್, ಅದಕ್ಕೂ ಬಹಳ ಹಿಂದಿನಿಂದ ವಿಂಡೋಸ್‌ನಲ್ಲಿರುವ ಕಂಪ್ಲೀಷನ್ ಪೋರ್ಟ್, ಇವುಗಳ ರೀತಿ ಬೇರೆ. ಓದಬಹುದು ಎಂದು ಹೇಳಿ ಸುಮ್ಮನಾಗದೆ, ನಾವು ಮೊದಲೇ ಕೊಟ್ಟ ಬಫರಿಗೆ ಕರ್ನಲ್ಲೇ ತುಂಬಿ, ತುಂಬಿದೆ ಎಂದು ತಿಳಿಸುತ್ತದೆ. ತಿಳಿಸುವ ತನಕ ಆ ಬಫರು ನಮ್ಮದಲ್ಲ. ಫಂಕ್ಷನ್ನಿನೊಳಗಿನ ಬಫರನ್ನು ಕೊಟ್ಟು ಫಂಕ್ಷನ್ನಿನಿಂದ ಹೊರಬಂದರೆ ಬೈಟುಗಳು ಯಾರದೋ ಮೆಮೊರಿಯ ಮೇಲೆ ಬೀಳುತ್ತವೆ. ತುಂಬಿದ್ದರಲ್ಲಿ ಮೆಸೇಜು ಪೂರ್ತಿ ಇದೆಯೇ ಎಂಬ ಪ್ರಶ್ನೆ ಇಲ್ಲಿಯೂ ನಮ್ಮದೇ.

ಕತ್ತರಿಸಿದ ಮೆಸೇಜನ್ನು ಡೇಟಾಬೇಸಿಗೆ ಬರೆಯುವ ಕೆಲಸವನ್ನು ಎಲ್ಲ ಸಂಪರ್ಕಗಳನ್ನೂ ಸರದಿಯಲ್ಲಿ ನೋಡಿಕೊಳ್ಳುವ ಈವೆಂಟ್ ಲೂಪಿನೊಳಗೇ ಮಾಡಬಾರದು, ಅಷ್ಟು ಹೊತ್ತು ಉಳಿದ ಕೇಂದ್ರಗಳೆಲ್ಲ ಕಾಯುತ್ತವೆ. ಮಿತಿಯಿರುವ ಒಂದು ಕ್ಯೂಗೆ ಹಾಕಿ, ಕ್ಯೂ ತುಂಬಿದರೆ ಆ ಸಾಕೆಟ್ಟನ್ನು ಓದುವುದನ್ನೇ ನಿಲ್ಲಿಸಿ. ಕರ್ನಲ್ಲಿನ ಬಫರು ತುಂಬಿ, ಇನ್ನೆಷ್ಟು ಕಳಿಸಬಹುದು ಎಂದು ಹೇಳುವ ಟಿಸಿಪಿಯ ವಿಂಡೋ ಸೊನ್ನೆಗಿಳಿದು, ಕಳಿಸುವ ಕಡೆ ತಾನಾಗಿಯೇ ತಡೆದುಕೊಳ್ಳುತ್ತದೆ. ಟಿಸಿಪಿಯ ಬದಲಿಗೆ ಬಳಸಬಹುದಾದ ಯುಡಿಪಿಯಲ್ಲಿ ಮೆಸೇಜಿನ ಎಲ್ಲೆ ಹಾಗೆಯೇ ಉಳಿಯುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಉಳಿಯುತ್ತದೆ ನಿಜ, ಆದರೆ ಮೆಸೇಜೇ ತಲುಪದೆ ಹೋಗಬಹುದು. ಹಾಲಿನ ದುಡ್ಡಿನ ಲೆಕ್ಕಕ್ಕೆ ಅದು ಬೇಡ.

ಬರೆದದ್ದು ಸರಿಯೇ ಎಂದು ನೋಡಲು ನೆಟ್‌ವರ್ಕ್ ಬೇಕಿಲ್ಲ. ಮೇಲಿನ 38 ಬೈಟುಗಳನ್ನು ಎರಡು ತುಂಡು ಮಾಡಲು 37 ಜಾಗಗಳಿವೆ. ಒಂದೊಂದು ಜಾಗದಲ್ಲೂ ಕತ್ತರಿಸಿ, ಎರಡು ತುಂಡುಗಳನ್ನು ಒಂದಾದ ಮೇಲೊಂದು ನಿಮ್ಮ ಪ್ರೋಗ್ರಾಮಿಗೆ ಕೊಡಿ. 37 ಸಲವೂ ಅವೇ ಎರಡು ದಾಖಲೆಗಳು ಬರಬೇಕು. ಆಮೇಲೆ ಬೈಟು ಬೈಟಾಗಿ ಕೊಟ್ಟು ನೋಡಿ, ಎಲ್ಲವನ್ನೂ ಒಟ್ಟಿಗೇ ಕೊಟ್ಟು ನೋಡಿ. ಕೆಟ್ಟುಹೋದ ನನ್ನ ಹಳೆಯ ಪ್ರೋಗ್ರಾಮಿಗೆ ಇದೇ ಪರೀಕ್ಷೆಯನ್ನು ಕೊಟ್ಟಾಗ ಆ 37ರಲ್ಲಿ ಅದು ಪಾಸಾದದ್ದು ಒಂದೇ ಒಂದು ಜಾಗದಲ್ಲಿ, 19ನೆಯ ಬೈಟಿನ ನಂತರ ಕತ್ತರಿಸಿದಾಗ. ಲ್ಯಾಪ್‌ಟಾಪಿನಲ್ಲಿ ವಾರವಿಡೀ ನನಗೆ ಸಿಕ್ಕಿದ್ದು ಆ ಒಂದೇ ಜಾಗ.