ಜಿಮ್ನಿ ಮನೆಗೆ ಬಂತು

ಮಹೀಂದ್ರಾ ಥಾರ್ ಕೊಳ್ಳಲೋ, ಮಾರುತಿ ಜಿಮ್ನಿ ಕೊಳ್ಳಲೋ ಎಂಬ ಮೂರು ತಿಂಗಳ ತಲೆಬಿಸಿ ಮುಗಿಯಿತು. ಎರಡೂ ಕಚ್ಚಾ ದಾರಿಯ ಜೀಪಿನಂಥ ಗಾಡಿಗಳು. ಥಾರ್ ಬಲದಲ್ಲಿ ಮುಂದು, 650 ಮಿ.ಮೀ. ಆಳದ ನೀರಿಗೂ ಇಳಿಯುತ್ತದೆ. ಆದರೂ ನನ್ನ ಮನಸ್ಸು ಜಿಮ್ನಿಯ ಕಡೆಗೇ ವಾಲಿತು. ಕಾರಣ ತೂಕ. ಸುಮಾರು 1,200 ಕೆ.ಜಿ. ಅಷ್ಟೇ. ಸಕಲೇಶಪುರದ ತೋಟದ ಕೆಸರಿನಲ್ಲಿ ಹಗುರ ಗಾಡಿ ಹೂತರೂ ನಾಲ್ಕು ಜನ ತಳ್ಳಿ ಎತ್ತಬಹುದು, ಅಲ್ವಾ?

ಮೊದಲ ಬದಲಾವಣೆ ಟೈರ್. ಕಂಪನಿ ಕೊಟ್ಟ ಅಳತೆಯಲ್ಲೇ ಆಲ್ ಟೆರೇನ್, ಅಂದರೆ ಡಾಂಬರಿಗೂ ಮಣ್ಣುದಾರಿಗೂ ಆಗುವ ಟೈರ್ ಹಾಕಿಸುತ್ತೇನೆ. ಜೊತೆಗೆ ಒಂದು ಏರ್ ಕಂಪ್ರೆಸರ್. ಕೆಸರಿಗಿಳಿಯುವ ಮೊದಲು ಗಾಳಿ ಇಳಿಸಿದರೆ ಟೈರ್ ಅಗಲವಾಗಿ ನೆಲ ಹಿಡಿಯುತ್ತದೆ. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಬೇಕು. ಎಳೆಯಲು ಗಟ್ಟಿ ಹಗ್ಗ, ಅದನ್ನು ಗಾಡಿಗೆ ಸಿಕ್ಕಿಸಲು ಎರಡು ಶ್ಯಾಕಲ್ (ಕಬ್ಬಿಣದ ಕೊಂಡಿ). ಬಂಪರಿನ ಮುಂದೆ ಕಟ್ಟುವ ಕಬ್ಬಿಣದ ಬುಲ್ ಬಾರ್ ಬೇಡವೇ ಬೇಡ. ಕಾನೂನು ಒಪ್ಪುವುದಿಲ್ಲ, ಏರ್‌ಬ್ಯಾಗಿನ ಕೆಲಸಕ್ಕೂ ಅಡ್ಡಿ. ಗಾಡಿ ಎತ್ತರಿಸುವುದೂ ಬೇಡ, 210 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಅಂತರ) ನಮ್ಮ ದಾರಿಗೆ ಸಾಕು.

ದೊಡ್ಡಪ್ಪನ ಹಳೇ ಜೀಪು ನೆನಪಾಗುತ್ತಿದೆ. ಮಳೆ ಹಿಡಿದರೆ ಚಕ್ರಕ್ಕೆ ಕಬ್ಬಿಣದ ಚೈನ್ ಸುತ್ತುತ್ತಿದ್ದರು. ಅದೊಂದೇ ಅವರ ಮಾಡಿಫಿಕೇಶನ್. ಗಾಡಿಗಿಂತ ಹೆಚ್ಚಾಗಿ ಅವರಿಗೆ ದಾರಿ ಗೊತ್ತಿತ್ತು. ಯಾವ ತಿರುವಿನಲ್ಲಿ ಮಣ್ಣು ಜಾರುತ್ತದೆ, ಎಲ್ಲಿ ನಿಲ್ಲಿಸಬಾರದು, ಎಲ್ಲವೂ. ಈ ಜೂನ್‌ನಲ್ಲಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತೋಟ ಹತ್ತುತ್ತೇನೆ.