ಇದು ಒರಿಜಿನಲ್ಲಾ?

ಕಾರಿನ ಕವರ್ ತೆಗೆದು ಎರಡು ನಿಮಿಷ ಆಗಿರುವುದಿಲ್ಲ, ಪ್ರಶ್ನೆ ಬಂದೇ ಬರುತ್ತದೆ. ಪೆಟ್ರೋಲ್ ಹಾಕಿಸುವಾಗ ಪಕ್ಕದ ಪಂಪಿನವರು ಕೇಳುತ್ತಾರೆ. ಡೆಟ್ರಾಯಿಟ್‌ನ ವುಡ್‌ವರ್ಡ್ ರಸ್ತೆಯಲ್ಲಿ ಆಗಸ್ಟ್‌ನ ಮೂರನೇ ಶನಿವಾರ ಹಳೇ ಕಾರುಗಳ ಜಾತ್ರೆ ಆಗುತ್ತದಲ್ಲ, ಅಲ್ಲಂತೂ ಹೆಜ್ಜೆಗೊಬ್ಬರು. ಹೋದ ಸಲ ಮಂಗಳೂರಿಂದ ಬಂದಿದ್ದ ಭಾವನೂ ಬಾನೆಟ್ ಮೇಲಿನ ಕಪ್ಪು ಪಟ್ಟಿ ಸವರುತ್ತಾ ಅದನ್ನೇ ಕೇಳಿದರು: "ಚಂದ ಉಂಟು ಮಾರಾಯಾ. ಆದ್ರೆ ಇದು ಒರಿಜಿನಲ್ಲಾ?"

ಅಲ್ಲ.

ನನ್ನದು 1970ರ ಶೆವರ್ಲೆ ಶೆವೆಲ್ ಮಾಲಿಬು. ಮನೆಮಂದಿಯೆಲ್ಲ ಕೂತು ಚರ್ಚಿಗೋ ಅಂಗಡಿಗೋ ಹೋಗಿಬರುತ್ತಿದ್ದ ಸಾಧಾರಣ ಕಾರು. ಕಾರ್ಖಾನೆಯಿಂದ ಹೊರಟಾಗ ಅದರಲ್ಲಿದ್ದದ್ದು 307 ಘನ ಇಂಚಿನ, 200 ಅಶ್ವಶಕ್ತಿಯ ವಿ-8 ಎಂಜಿನ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಈಗ ನೋಡುವವರಿಗೆ ಕಾಣುವುದು ಅದೇ ವರ್ಷದ ಎಸ್‌ಎಸ್ 454, ಅಂದರೆ 454 ಘನ ಇಂಚಿನ ಎಂಜಿನ್ನಿನ ಶೆವೆಲ್ ಸೂಪರ್ ಸ್ಪೋರ್ಟ್. ಆ ಕಾಲದ ಮಸಲ್ ಕಾರುಗಳಲ್ಲಿ, ಅಂದರೆ ಸಾಧಾರಣ ಮೈಯೊಳಗೆ ದೈತ್ಯ ಎಂಜಿನ್ ತುರುಕಿದ ಕಾರುಗಳಲ್ಲಿ, ದೊಡ್ಡ ಹೆಸರು ಅದರದ್ದು. ಅದರ ಎಲ್‌ಎಸ್6 ಎಂಜಿನ್ನಿಗೆ ಕಂಪನಿಯೇ ಹೇಳಿದ ಲೆಕ್ಕ 450 ಅಶ್ವಶಕ್ತಿ. ನಾನು ಮಾಡಿದಂಥದ್ದನ್ನು ಇಲ್ಲಿ ಕ್ಲೋನ್ ಎನ್ನುತ್ತಾರೆ. ಸ್ವಲ್ಪ ಮರ್ಯಾದೆ ಕೊಡಬೇಕೆನಿಸಿದರೆ ಟ್ರಿಬ್ಯೂಟ್.

ಹಾಗಾದರೆ ನಕಲಿ ಅಲ್ಲವೇ ಎಂದು ಮುಂದಿನ ಪ್ರಶ್ನೆ. ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ.

1970ರಲ್ಲಿ ಎಸ್‌ಎಸ್ ಎಂಬುದು ಬೇರೆ ಕಾರೇ ಅಲ್ಲ. ಡೀಲರ್ ಎದುರು ಕೂತು ಆರ್ಡರ್ ಫಾರಂನಲ್ಲಿ ಝಡ್15 ಎಂಬ ಆಯ್ಕೆಗೆ ಗುರುತು ಹಾಕಿದರೆ ಅದೇ ಮಾಲಿಬು ಎಸ್‌ಎಸ್ 454 ಆಗಿ ಬರುತ್ತಿತ್ತು. ಅದೇ ಮೈ, ಅದೇ ಅಸೆಂಬ್ಲಿ ಲೈನು. ದೊಡ್ಡ ಎಂಜಿನ್, ಗಟ್ಟಿ ಸಸ್ಪೆನ್ಷನ್, ಮುಂದೆ ಡಿಸ್ಕ್ ಬ್ರೇಕು, ಉಬ್ಬು ಬಾನೆಟ್, ಕಪ್ಪು ಗ್ರಿಲ್ ಇವೆಲ್ಲ ಆ ಒಂದು ಗುರುತಿನ ಹಿಂದೆ ಬರುತ್ತಿದ್ದವು. ಮಸಲ್ ಕಾರುಗಳ ಕಥೆ ಶುರುವಾದದ್ದೂ ಇಂಥದ್ದೇ ಕಿತಾಪತಿಯಿಂದ. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂಡದೆಂದು ಜನರಲ್ ಮೋಟರ್ಸ್‌ನ ಆಗಿನ ನಿಯಮ. ಅದೇ ಕಂಪನಿಯ ಪಾಂಟಿಯಾಕ್ ವಿಭಾಗದಲ್ಲಿ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತವರ ಸಂಗಡಿಗರು 1964ರ ಲೆಮಾನ್ಸ್ ಕಾರಿಗೆ 389ರ ಎಂಜಿನ್ ಹಾಕಿ, ಇದು ಹೊಸ ಮಾಡೆಲ್ ಅಲ್ಲ, ಬರೀ ಆಯ್ಕೆ ಎಂದು ಕಾಗದದಲ್ಲಿ ತೋರಿಸಿ ದಾಟಿಕೊಂಡರು. ಅದೇ ಜಿಟಿಒ. ಕಂಪನಿ ಮಾಡಿದ್ದನ್ನು ನಾನು ಐವತ್ತು ವರ್ಷ ತಡವಾಗಿ ಗ್ಯಾರೇಜಿನಲ್ಲಿ ಮಾಡಿದೆ, ಅಷ್ಟೆ. ಇದು ನನ್ನ ವಕೀಲಿ ವಾದ. ಹೆಂಡತಿ ಒಪ್ಪಿಲ್ಲ.

ಮೋಸಕ್ಕೆ ದಾರಿ ಆಗುವುದೂ ಇದೇ ಕಾರಣಕ್ಕೆ. ಫೋರ್ಡ್ ಮಸ್ಟಾಂಗ್ ಆಗಿದ್ದರೆ ಚಾಸಿ ನಂಬರಿನ ಐದನೇ ಅಕ್ಷರವೇ ಎಂಜಿನ್ ಯಾವುದೆಂದು ಹೇಳಿಬಿಡುತ್ತದೆ. 1970ರ ಪ್ಲಿಮತ್, ಡಾಜ್‌ಗಳಲ್ಲಿ ಅದೇ ಜಾಗದಲ್ಲಿ ಆರ್ ಇದ್ದರೆ ಮಾತ್ರ ಅದರೊಳಗಿರುವುದು ಹೆಮಿ ಎಂಬ 426 ಘನ ಇಂಚಿನ ಎಂಜಿನ್. ಪಾಂಟಿಯಾಕ್‌ನವರು 1966ರಿಂದ ಜಿಟಿಒಗೆ 242 ಎಂದು ಬೇರೆ ಅಂಕಿಯನ್ನೇ ಕೊಟ್ಟರು. ನಮ್ಮ 1970ರ ಶೆವೆಲ್ ನಂಬರ್ ಮಾತ್ರ ಇದು ವಿ-8 ಮಾಲಿಬು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಎಸ್‌ಎಸ್ ಹೌದೋ ಅಲ್ಲವೋ ತಿಳಿಯಬೇಕಾದರೆ ಬಿಲ್ಡ್ ಶೀಟ್ ಬೇಕು. ಅಸೆಂಬ್ಲಿ ಕೆಲಸಗಾರರು ನೋಡಿಕೊಂಡು ಬಿಡಿಭಾಗ ಜೋಡಿಸುತ್ತಿದ್ದ ಕಾಗದ ಅದು. ಕೆಲವೊಮ್ಮೆ ಪೆಟ್ರೋಲ್ ಟ್ಯಾಂಕಿನ ನೆತ್ತಿಯ ಮೇಲೆ, ಕೆಲವೊಮ್ಮೆ ಸೀಟಿನ ಸ್ಪ್ರಿಂಗುಗಳ ನಡುವೆ ಉಳಿದಿರುತ್ತದೆ, ಇಲಿ ತಿನ್ನದಿದ್ದರೆ. ಅದು ಸಿಕ್ಕ ಎಲ್‌ಎಸ್6 ಕಾರು ಹರಾಜಿನಲ್ಲಿ ಲಕ್ಷ ಡಾಲರ್ ದಾಟುತ್ತದೆ.

ಮೊದಲು ನಾನೂ ಅಸಲಿಯನ್ನೇ ಹುಡುಕುತ್ತಿದ್ದೆ. ಪಕ್ಕದ ರಾಜ್ಯದಲ್ಲಿ ಒಬ್ಬರು ತಮ್ಮ ಕಾರು ಹುಟ್ಟಾ ಎಸ್‌ಎಸ್ ಎಂದು ಆಣೆ ಮಾಡಿ ಹೇಳಿದರು. ಎಂಜಿನ್ನಿನ ಮುಂಭಾಗದಲ್ಲಿ, ಬಲಗಡೆಯ ಸಿಲಿಂಡರ್ ಹೆಡ್ಡಿನ ಬುಡಕ್ಕೆ, ಹೆಬ್ಬೆರಳಗಲದ ಒಂದು ಚಪ್ಪಟೆ ಜಾಗ ಇದೆ. ಕಾರ್ಖಾನೆ ನಂಬರ್ ಒತ್ತುವುದು ಅಲ್ಲಿ. ಗ್ರೀಸ್ ಒರೆಸಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆ. ಅಲ್ಲಿ ಬಾಚಣಿಗೆ ಎಳೆದ ಹಾಗೆ ಒಂದೇ ದಿಕ್ಕಿಗೆ ಸಣ್ಣ ಗೆರೆಗಳಿರಬೇಕು, ಕಾರ್ಖಾನೆಯ ಯಂತ್ರ ಬಿಟ್ಟ ಗುರುತು. ಇದರಲ್ಲಿ ಗ್ರೈಂಡರ್ ಸುತ್ತಿದ ಗುರುತು, ಅದರ ಮೇಲೆ ಹೊಸದಾಗಿ ಕುಟ್ಟಿದ ಅಂಕಿಗಳು, ಒಂದು ಅಂಕಿ ಸೊಟ್ಟ. ಚಹಾ ಕುಡಿದು ಹೊರಟು ಬಂದೆ. ನಕಲಿ ಎಂದರೆ ಅದು. ಅವರು ತಾವಾಗಿ ಮಾಲಿಬು ಎಂದಿದ್ದರೆ ಬಹುಶಃ ಕೊಂಡುಬಿಡುತ್ತಿದ್ದೆ, ಕಾರು ಅಷ್ಟು ಚೆನ್ನಾಗಿತ್ತು.

ಇನ್ನೊಂದು ಬಗೆಯ ಸುಳ್ಳಿದೆ, ಅದನ್ನು ನಾನೇ ಹೇಳಿದ್ದೇನೆ. ಮಿಶಿಗನ್ನಿನ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಹಳೇ ಕಾರಿನ ತಳವನ್ನು ತಿಂದು ಹಾಕುತ್ತದೆ. ಅದಕ್ಕೇ ದಕ್ಷಿಣದ ರಾಜ್ಯದಿಂದ ಮಾಲಿಬು ತರಿಸಿಕೊಂಡು, ಹಳೇ ಪಿಕಪ್ ಟ್ರಕ್ಕಿನ 454 ಎಂಜಿನ್ ಬಿಚ್ಚಿ ಕಟ್ಟಿ ಕೂರಿಸಿದೆ. ಭಾರಕ್ಕೆ ಮುಂದಿನ ಸ್ಪ್ರಿಂಗ್ ಬದಲಾಯಿಸಿದೆ, ರೇಡಿಯೇಟರ್ ದೊಡ್ಡದು ಹಾಕಿದೆ. ಆಮೇಲೆ ತಡೆಯಲಾರದೆ ಪಟ್ಟಿ ಬಳಿದೆ, ಲಾಂಛನ ಅಂಟಿಸಿದೆ. ಬ್ರೇಕು ಮುಂದಿನ ತಿಂಗಳು ನೋಡಿದರಾಯಿತು ಅಂದುಕೊಂಡೆ. ಮೊದಲ ವಾರವೇ ವುಡ್‌ವರ್ಡ್‌ನಲ್ಲಿ ಸಿಗ್ನಲ್ ಕೆಂಪಾಯಿತು, ಪೆಡಲ್ ಮೇಲೆ ಎದ್ದು ನಿಂತೆ, ಕಾರು ಎಡಕ್ಕೆ ಎಳೆದುಕೊಂಡು ಹೋಗಿ ಅರ್ಧ ಕಾರಿನಷ್ಟು ಗೆರೆ ದಾಟಿ ನಿಂತಿತು. ಅಡ್ಡರಸ್ತೆಯ ವ್ಯಾನಿನವಳು ಹಾರ್ನ್ ಹಾಕಲಿಲ್ಲ, ಬರೀ ನೋಡಿದಳು. ಅವತ್ತೇ ಕಾರು ಜಾಕ್ ಮೇಲೆ ಏರಿತು. ಮುಂದೆ ಡಿಸ್ಕ್, ಹಿಂದೆ ಗಟ್ಟಿಯಾದ 12 ಬೋಲ್ಟಿನ ಆಕ್ಸಲ್, ಓಲಾಡದಂತೆ ಹಿಡಿಯುವ ಸ್ವೇ ಬಾರ್ ಎಲ್ಲ ಬಂದ ಮೇಲೆಯೇ ಇಳಿದದ್ದು. ಹಾಗಾಗಿ ಬರೀ ಸ್ಟಿಕರ್ ಅಂಟಿಸಿ ಎಸ್‌ಎಸ್ ಮಾಡುತ್ತೇನೆನ್ನುವ ಹುಡುಗರಿಗೆ ನಾನು ಕೇಳುವುದು ಒಂದೇ: ಬ್ರೇಕು ಯಾವುದು?

ಭಾವನಿಗೆ ಇಷ್ಟೆಲ್ಲ ಹೇಳಲಿಲ್ಲ. ದಸರಾಕ್ಕೆ ಹುಲಿವೇಷದವರು ಬಂದಾಗ ನೀನು ನಿಜವಾದ ಹುಲಿಯಾ ಅಂತ ಕೇಳ್ತೀರಾ ಭಾವಾ ಎಂದೆ. ನಕ್ಕರು. ಮತ್ತೆ, "ಅವ ಕುಣೀಲಿಕ್ಕೆ ಬರದಿದ್ರೆ ಹೊಡೀತೇವೆ" ಎಂದರು. ಸರಿ, ಕೂರಿ ಎಂದು ಒಂದು ಸುತ್ತು ಹೊಡೆಸಿಕೊಂಡು ಬಂದೆ. ಆಮೇಲೆ ಅವರು ಕೇಳಲಿಲ್ಲ.

ಕಿತ್ತ ಮಾಲಿಬು ಲಾಂಛನಗಳನ್ನು ಬಟ್ಟೆಯಲ್ಲಿ ಸುತ್ತಿ ಗ್ಲೋವ್ ಬಾಕ್ಸಿನಲ್ಲಿ ಇಟ್ಟಿದ್ದೇನೆ, ಕೇಳಿದವರಿಗೆ ತೆಗೆದು ತೋರಿಸುತ್ತೇನೆ. ಮುಂದೆ ಮಾರಿದರೆ ಅವೂ ಕಾರಿನ ಜೊತೆಗೇ ಹೋಗುತ್ತವೆ. ಹಾಕಿದ ದುಡ್ಡಂತೂ ಹುಟ್ಟುವುದಿಲ್ಲ. ಡ್ಯಾಶ್‌ಬೋರ್ಡಿಗೆ ಎಸ್‌ಎಸ್‌ನ ದುಂಡು ಮೀಟರುಗಳು ಬಂದಿವೆ, ಎಲ್ಲ ಸರಿ, ಗಡಿಯಾರ ಮಾತ್ರ ನಡೆಯುತ್ತಿಲ್ಲ. ಇಲ್ಲಿಯ ಹಳಬರನ್ನು ವಿಚಾರಿಸಿದೆ. ಕಾರ್ಖಾನೆಯಿಂದ ಬಂದ ಎಸ್‌ಎಸ್‌ಗಳಲ್ಲೂ ಗಡಿಯಾರ ಹೆಚ್ಚು ದಿನ ನಡೆಯುತ್ತಿರಲಿಲ್ಲವಂತೆ. ಅಷ್ಟರ ಮಟ್ಟಿಗೆ ನನ್ನದು ಒರಿಜಿನಲ್ಲೇ.